ಎಣಿಕೆಗೆ ಮುನ್ನಿನ ತೀರ್ಮಾನಗಳು: ಭಾಷಾಧ್ಯಯನದಲ್ಲಿ ಸಂಖ್ಯಾಶಾಸ್ತ್ರದ ಮಿತಿಗಳ ಚಾರಿತ್ರಿಕ ಅವಲೋಕನ

ಸಾರಾಂಶ: ಭಾಷಾವಿಜ್ಞಾನದಲ್ಲಿ ಸಂಖ್ಯಾಶಾಸ್ತ್ರದ ಬಳಕೆಗೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಪದಗಳ ಆವರ್ತನದ ಅಧ್ಯಯನ, ಭಾಷೆಗಳ ಕವಲೊಡೆಯುವಿಕೆಯ ಕಾಲಗಣನೆ ಹಾಗೂ ಭಾರತದ ಭಾಷಾಗಣತಿ ಎಂಬ ಮೂರು ಪ್ರಸಂಗಗಳನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಈ ಮೂರರಲ್ಲಿಯೂ ದೋಷವು ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ಲೆಕ್ಕಾಚಾರಕ್ಕೆ ಮುನ್ನ ಘಟಕವನ್ನು ನಿರ್ಧರಿಸಿದ ಕ್ರಮದಲ್ಲಿತ್ತು ಎಂಬುದು ನಮ್ಮ ವಾದ. ಆ ನಿರ್ಧಾರವು ಭಾಷಾವಿಜ್ಞಾನದ ಹೊಣೆಯೇ ಹೊರತು ಸಂಖ್ಯಾಶಾಸ್ತ್ರದ್ದಲ್ಲ.

ಕೀಲಿಪದಗಳು: ಸಂಖ್ಯಾಶಾಸ್ತ್ರ, ಪದಾವರ್ತನ, ಭಾಷಾಕಾಲಗಣನೆ, ಜನಗಣತಿ, ತಾಯ್ನುಡಿ, ಘಟಕ

1. ಪೀಠಿಕೆ

ಇಂದು ಭಾಷಾವಿಜ್ಞಾನ ವಿಭಾಗಗಳಿಗೆ ಬರುವ ಸಂಶೋಧನ ಪ್ರಸ್ತಾವಗಳಲ್ಲಿ ಕೋಷ್ಟಕವಿಲ್ಲದ ಪ್ರಸ್ತಾವವು ಅಪರೂಪವಾಗುತ್ತಿದೆ. ಒಂದು ಉಪಭಾಷೆಯ ವರ್ಣನೆಯನ್ನು ಕೈಗೊಳ್ಳುವ ವಿದ್ಯಾರ್ಥಿಗೂ ‘ಎಷ್ಟು ಮಂದಿ ಭಾಷಕರು, ಯಾವ ಪರೀಕ್ಷೆ, ಯಾವ ಮಟ್ಟದ ಸಾರ್ಥಕತೆ’ ಎಂಬ ಪ್ರಶ್ನೆಗಳು ಎದುರಾಗುತ್ತವೆ. ಈ ಪ್ರಶ್ನೆಗಳು ಅನುಚಿತವೆಂದು ನಾವು ಹೇಳುತ್ತಿಲ್ಲ. ಆದರೆ ಅವುಗಳಿಗೆ ಮುನ್ನ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಎಣಿಸುತ್ತಿರುವುದು ಏನನ್ನು? ಒಂದು ಎನ್ನಿಸಿಕೊಳ್ಳುವುದು ಯಾವುದು?

ಸಂಖ್ಯಾಶಾಸ್ತ್ರವು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಡಬೇಕೆಂದು ನಿರೀಕ್ಷಿಸುವುದೂ ಸಲ್ಲದು. ಎರಡು ವಸ್ತುಗಳು ಒಂದೇ ಬಗೆಯವು ಎಂದು ಯಾರೋ ಒಪ್ಪಿಕೊಂಡ ಮೇಲೆ ಆ ಶಾಸ್ತ್ರದ ಕೆಲಸ ಆರಂಭವಾಗುತ್ತದೆ. ಕಾಳುಗಳನ್ನೋ ತಲೆಗಳನ್ನೋ ಎಣಿಸುವಾಗ ಈ ಒಪ್ಪಿಗೆ ಸುಲಭ. ಪದ, ಜ್ಞಾತಿಪದ, ಭಾಷೆ ಇವುಗಳನ್ನು ಎಣಿಸುವಾಗ ಒಪ್ಪಿಗೆಯೇ ಸಿದ್ಧಾಂತವಾಗಿರುತ್ತದೆ. ಈ ಮಾತನ್ನು ತಾತ್ತ್ವಿಕವಾಗಿ ಮಂಡಿಸುವುದಕ್ಕಿಂತ ಇತಿಹಾಸದ ಮೂಲಕ ತೋರಿಸುವುದು ಹೆಚ್ಚು ಪ್ರಯೋಜನಕರವೆಂದು ಭಾವಿಸಿದ್ದೇವೆ.

2. ಪದವೆಂಬ ಘಟಕ

ಭಾಷೆಯನ್ನು ದೊಡ್ಡ ಪ್ರಮಾಣದಲ್ಲಿ ಎಣಿಸಿದ ಮೊದಲಿಗರಲ್ಲಿ ಜರ್ಮನಿಯ ಎಫ್. ಡಬ್ಲ್ಯು. ಕೇಡಿಂಗ್ ಪ್ರಮುಖರು. 1897-98ರಲ್ಲಿ ಪ್ರಕಟವಾದ ಅವರ ಆವರ್ತನ ಕೋಶವು ಸುಮಾರು 1 ಕೋಟಿ 9 ಲಕ್ಷ ಪದಪ್ರಯೋಗಗಳ ಎಣಿಕೆಯನ್ನು ಆಧರಿಸಿತ್ತು. ಅದರ ಉದ್ದೇಶ ಶೀಘ್ರಲಿಪಿಯ ಸುಧಾರಣೆ. ಬೇಕಾದುದು ಬರೆಹದಲ್ಲಿ ಯಾವ ರೂಪ ಎಷ್ಟು ಸಲ ಬರುತ್ತದೆ ಎಂಬುದಷ್ಟೇ ಆಗಿದ್ದುದರಿಂದ, ಅಲ್ಲಿ ಘಟಕದ ಪ್ರಶ್ನೆ ತೊಡಕಾಗಲಿಲ್ಲ.

1913ರಲ್ಲಿ ರಷ್ಯದ ಗಣಿತಜ್ಞ ಎ. ಎ. ಮಾರ್ಕೊವ್ ಅವರು ಪುಷ್ಕಿನ್‌ನ ‘ಯೆವ್‌ಗೆನಿ ಒನೇಗಿನ್’ ಕೃತಿಯ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿದರು. ಅವುಗಳಲ್ಲಿ 8,638 ಸ್ವರಗಳು, 11,362 ವ್ಯಂಜನಗಳು. ಸ್ವರದ ಅನಂತರ ಸ್ವರ ಬರುವ ಸಂಭವನೀಯತೆ 0.128, ವ್ಯಂಜನದ ಅನಂತರ ಸ್ವರ ಬರುವ ಸಂಭವನೀಯತೆ 0.663 ಎಂದು ಅವರು ತೋರಿಸಿದರು. ಒಂದರ ಮೇಲೊಂದು ಅವಲಂಬಿಸಿದ ಘಟನೆಗಳ ಸರಣಿಯನ್ನು ವಿವರಿಸುವ ಈ ವಿಧಾನವೇ ಮುಂದೆ ಅವರ ಹೆಸರಿನಿಂದ ಪ್ರಸಿದ್ಧವಾಯಿತು. ಈ ಎಣಿಕೆಯಲ್ಲಿ ಸಾಮಾನ್ಯವಾಗಿ ಗಮನಿಸದೆ ಹೋಗುವ ಒಂದು ಅಂಶವಿದೆ. ರಷ್ಯನ್ ಲಿಪಿಯಲ್ಲಿ ತಮಗೆ ಸ್ವಂತ ಧ್ವನಿಯಿಲ್ಲದ, ಹಿಂದಿನ ವ್ಯಂಜನದ ಮೃದುತ್ವ ಅಥವಾ ಕಾಠಿಣ್ಯವನ್ನು ಸೂಚಿಸುವ ಎರಡು ಚಿಹ್ನೆಗಳನ್ನು ಮಾರ್ಕೊವ್ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಧ್ವನಿವಿಜ್ಞಾನದ ತೀರ್ಮಾನವೇ ಹೊರತು ಗಣಿತದ ತೀರ್ಮಾನವಲ್ಲ. ಅದು ಸರಿಯಾಗಿದ್ದುದರಿಂದ ಮುಂದಿನ ಲೆಕ್ಕಕ್ಕೆ ಅರ್ಥ ಬಂದಿತು.

ಹಾರ್ವರ್ಡ್‌ನಲ್ಲಿ ಜರ್ಮನ್ ಬೋಧಿಸುತ್ತಿದ್ದ ಜಾರ್ಜ್ ಕಿಂಗ್ಸ್‌ಲಿ ಜಿಫ್ 1935 ಮತ್ತು 1949ರ ತಮ್ಮ ಗ್ರಂಥಗಳಲ್ಲಿ ಪದಗಳ ಆವರ್ತನಕ್ಕೂ ಶ್ರೇಣಿಗೂ ಇರುವ ಸಂಬಂಧವನ್ನು ನಿಯಮವಾಗಿ ಮಂಡಿಸಿದರು. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಪದಸೂಚಿ ಅವರ ಪ್ರಸಿದ್ಧ ನಿದರ್ಶನ. ಸುಮಾರು 2,60,000 ಪದಪ್ರಯೋಗಗಳಲ್ಲಿ 29,899 ಭಿನ್ನ ಪದಗಳು. ಹತ್ತನೆಯ ಶ್ರೇಣಿಯ ಪದ 2,653 ಸಲ, ನೂರನೆಯದು 265 ಸಲ, ಸಾವಿರದನೆಯದು 26 ಸಲ ಬರುತ್ತದೆ. ಇಷ್ಟು ಅಚ್ಚುಕಟ್ಟಾದ ಅನುಪಾತವನ್ನು ಕಂಡ ಜಿಫ್ ಅದರ ಹಿಂದೆ ಕನಿಷ್ಠ ಶ್ರಮವೆಂಬ ಮಾನವ ಸ್ವಭಾವದ ತತ್ತ್ವವಿದೆಯೆಂದು ಬಗೆದರು.

1957ರಲ್ಲಿ ಜಾರ್ಜ್ ಮಿಲ್ಲರ್ ಇದಕ್ಕೊಂದು ಸರಳ ಆಕ್ಷೇಪವನ್ನೆತ್ತಿದರು. ಅಕ್ಷರಗಳನ್ನೂ ತೆರಪನ್ನೂ ಯಾದೃಚ್ಛಿಕವಾಗಿ ಒತ್ತುತ್ತಾ ಹೋದರೂ, ಎರಡು ತೆರಪುಗಳ ನಡುವಿನ ಸರಣಿಗಳನ್ನು ‘ಪದ’ಗಳೆಂದು ಎಣಿಸಿದರೆ, ಬಹುಮಟ್ಟಿಗೆ ಅದೇ ಬಗೆಯ ಹಂಚಿಕೆ ದೊರೆಯುತ್ತದೆ. ಅರ್ಥವೂ ವ್ಯಾಕರಣವೂ ಶ್ರಮವೂ ಇಲ್ಲದ ಕಡೆಯಲ್ಲಿಯೂ ನಿಯಮ ನಿಲ್ಲುವುದಾದರೆ, ಅದು ಮನುಷ್ಯನ ಭಾಷೆಯ ಬಗ್ಗೆ ಏನನ್ನು ಹೇಳುತ್ತದೆ? ಜಿಫ್ ಕಂಡ ಅನುಪಾತ ಸುಳ್ಳಾಗಲಿಲ್ಲ. ಆ ಅನುಪಾತವೊಂದರಿಂದಲೇ ಕಾರಣವನ್ನು ಊಹಿಸುವಂತಿಲ್ಲ ಎಂಬುದು ಸ್ಪಷ್ಟವಾಯಿತು.

ಮಿಲ್ಲರ್ ಅವರ ಆಕ್ಷೇಪದಲ್ಲಿ ‘ಪದ’ವೆಂದರೆ ಎರಡು ತೆರಪುಗಳ ನಡುವಣ ಭಾಗ. ಕನ್ನಡಕ್ಕೆ ಬಂದಾಗ ಈ ವ್ಯಾಖ್ಯೆ ಇನ್ನಷ್ಟು ದುರ್ಬಲವಾಗುತ್ತದೆ. ‘ಅವನು ಮನೆಗೆ ಹೋಗಬೇಕೆಂದಿದ್ದಾನೆ’ ಎಂದು ಬರೆದರೆ ಮೂರು ಪದ; ‘ಅವನು ಮನೆಗೆ ಹೋಗಬೇಕು ಎಂದು ಇದ್ದಾನೆ’ ಎಂದು ಬಿಡಿಸಿ ಬರೆದರೆ ಐದು. ಎರಡೂ ಬಳಕೆಯಲ್ಲಿರುವ ಬರೆವಣಿಗೆಗಳೇ. ಮೊದಲನೆಯ ಕ್ರಮದಲ್ಲಿ ‘ಎಂದು’ ಎಂಬ ಅತ್ಯಂತ ಸಾಮಾನ್ಯ ಪದ ಎಣಿಕೆಗೇ ಸಿಗುವುದಿಲ್ಲ. ಹಳಗನ್ನಡ, ನಡುಗನ್ನಡ ಕೃತಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ಓಲೆಗರಿಗಳಲ್ಲಿಯೂ ಶಾಸನಗಳಲ್ಲಿಯೂ ಬರೆಹ ಸಾಮಾನ್ಯವಾಗಿ ಎಡೆಬಿಡದೆ ಸಾಗುತ್ತದೆ. ಪದವಿಭಾಗ ಮಾಡಿದವರು ಆಧುನಿಕ ಸಂಪಾದಕರು. ಹೀಗಾಗಿ ಮುದ್ರಿತ ಆವೃತ್ತಿಯೊಂದರಿಂದ ಪ್ರಾಚೀನ ಕವಿಯ ಪದಾವರ್ತನವನ್ನು ಲೆಕ್ಕಹಾಕುವವರು ಕವಿಯ ಪದಗಳ ಜೊತೆಗೆ ಸಂಪಾದಕರ ತೀರ್ಮಾನಗಳನ್ನೂ ಎಣಿಸುತ್ತಿರುತ್ತಾರೆ. ಎರಡು ಆವೃತ್ತಿಗಳ ನಡುವೆ ಕಂಡುಬರುವ ‘ಸಾರ್ಥಕ’ ವ್ಯತ್ಯಾಸವು ಇಬ್ಬರು ಸಂಪಾದಕರ ನಡುವಣ ವ್ಯತ್ಯಾಸವಾಗಿರಬಹುದು.

3. ಕಾಲವನ್ನು ಅಳೆದ ಪಟ್ಟಿ

ಎರಡನೆಯ ಪ್ರಸಂಗವು ಐತಿಹಾಸಿಕ ಭಾಷಾವಿಜ್ಞಾನಕ್ಕೆ ಸೇರಿದುದು. 1950ರ ದಶಕದ ಆರಂಭದಲ್ಲಿ ಮೋರಿಸ್ ಸ್ವದೇಶ್ ಒಂದು ಆಕರ್ಷಕ ಪ್ರಸ್ತಾವವನ್ನು ಮುಂದಿಟ್ಟರು. ದೇಹದ ಅಂಗಗಳು, ನೀರು, ಬೆಂಕಿ, ಸೂರ್ಯ ಮೊದಲಾದ ಮೂಲ ಪರಿಕಲ್ಪನೆಗಳ ಪದಗಳು ಎಲ್ಲ ಭಾಷೆಗಳಲ್ಲಿಯೂ ಬಹುತೇಕ ಒಂದೇ ವೇಗದಲ್ಲಿ ಬದಲಾಗುತ್ತವೆ ಎಂದಾದರೆ, ಎರಡು ಭಾಷೆಗಳಲ್ಲಿ ಉಳಿದಿರುವ ಜ್ಞಾತಿಪದಗಳ ಪ್ರಮಾಣದಿಂದ ಅವು ಬೇರ್ಪಟ್ಟ ಕಾಲವನ್ನು ಕಂಡುಹಿಡಿಯಬಹುದು. ವಿಕಿರಣ ಇಂಗಾಲದ ಕಾಲನಿರ್ಣಯವು ಪುರಾತತ್ತ್ವವನ್ನು ಬದಲಿಸುತ್ತಿದ್ದ ವರ್ಷಗಳವು. ಬರೆಹವಿಲ್ಲದ ಭಾಷೆಗಳಿಗೂ ಕಾಲಮಾನ ದೊರೆಯುತ್ತದೆಂಬ ಭರವಸೆ ಸಣ್ಣದಾಗಿರಲಿಲ್ಲ.

1953ರಲ್ಲಿ ರಾಬರ್ಟ್ ಲೀಸ್ ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದರು. ದಾಖಲೆಯಿರುವ 13 ಭಾಷೆಗಳನ್ನು ಪರಿಶೀಲಿಸಿ, ಸಾವಿರ ವರ್ಷಕ್ಕೆ ಸರಾಸರಿ ಶೇ. 81ರಷ್ಟು ಪದಗಳು ಉಳಿಯುತ್ತವೆ ಎಂದು ಲೆಕ್ಕಹಾಕಿದರು. ಸ್ವದೇಶ್ ಅವರ ಅನಂತರದ ನೂರು ಪದಗಳ ಪಟ್ಟಿಗೆ ಈ ಪ್ರಮಾಣವನ್ನು ಶೇ. 86 ಎಂದು ಹಿಡಿಯಲಾಯಿತು. ಲೀಸ್ ಅವರ ಲೆಕ್ಕ ಶುದ್ಧವಾಗಿತ್ತು, ದೋಷವಿದ್ದುದು ಮಾದರಿಯಲ್ಲಿ. 13 ಭಾಷೆಗಳಲ್ಲಿ 11 ಇಂಡೋ-ಯುರೋಪಿಯನ್ ಕುಟುಂಬದವು. ಅವುಗಳಲ್ಲಿಯೂ ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಪೋರ್ಚುಗೀಸ್, ರೊಮೇನಿಯನ್, ಕೆಟಲಾನ್ ಈ ಆರೂ ಲ್ಯಾಟಿನ್ನಿನಿಂದ ಬಂದವು. ಒಬ್ಬಳೇ ತಾಯಿಯ ಆರು ಮಕ್ಕಳ ಎತ್ತರವನ್ನು ಅಳೆದು ಮನುಕುಲದ ಎತ್ತರವನ್ನು ಹೇಳಿದಂತೆ ಇದು. ಪ್ರತಿ ಮಾದರಿಯೂ ಸ್ವತಂತ್ರವಾಗಿರಬೇಕೆಂಬುದು ಸಂಖ್ಯಾಶಾಸ್ತ್ರದ್ದೇ ನಿಯಮ. ಆದರೆ ಯಾವ ಭಾಷೆಗಳು ಪರಸ್ಪರ ಸ್ವತಂತ್ರ ಎಂಬುದನ್ನು ಭಾಷಾವಿಜ್ಞಾನಿಯೇ ಹೇಳಬೇಕು.

1962ರಲ್ಲಿ ಕ್ನೂಟ್ ಬೆರ್ಗ್‌ಸ್ಲಾಂಡ್ ಮತ್ತು ಹಾನ್ಸ್ ಫೋಗ್ಟ್ ನಡೆಸಿದ ಪರೀಕ್ಷೆ ಈ ವಿಧಾನದ ಬುಡವನ್ನೇ ಅಲುಗಿಸಿತು. ಹಳೆಯ ನಾರ್ಸ್‌ನಿಂದ ಬಂದ ಐಸ್‌ಲ್ಯಾಂಡಿಕ್‌ನಲ್ಲಿ ಪದಗಳ ಬದಲಾವಣೆ ತೀರ ಅಲ್ಪ. ಅದೇ ಮೂಲದ ನಾರ್ವೀಜಿಯನ್ ಬರೆಹಭಾಷೆಯಲ್ಲಿ ಬಹಳ ಹೆಚ್ಚು. ಜಾರ್ಜಿಯನ್ ಮತ್ತು ಆರ್ಮೇನಿಯನ್ ಭಾಷೆಗಳನ್ನೂ ಪರಿಶೀಲಿಸಿದ ಅವರು ಏಕರೂಪದ ವೇಗವಿಲ್ಲವೆಂದು ತೋರಿಸಿದರು. ಪ್ರತ್ಯೇಕವಾಗಿದ್ದ ದ್ವೀಪ, ಜೀವಂತ ಸಾಹಿತ್ಯಪರಂಪರೆ, ಅನ್ಯಭಾಷೆಗಳ ಒಡನಾಟ ಇವೆಲ್ಲವೂ ವೇಗವನ್ನು ಬದಲಿಸುತ್ತವೆ. ಇವು ಆಕಸ್ಮಿಕ ಏರಿಳಿತಗಳಲ್ಲ. ಇವೇ ಭಾಷೆಗಳ ಇತಿಹಾಸ.

ದ್ರಾವಿಡ ಭಾಷೆಗಳಿಗೆ ಈ ವಿಧಾನವನ್ನು 1964ರಲ್ಲಿಯೇ ಎಂ. ಆಂದ್ರೊನೊವ್ ಅನ್ವಯಿಸಿದ್ದರು. ಕನ್ನಡದ ಪಟ್ಟಿಯನ್ನು ಸಿದ್ಧಪಡಿಸಲು ಕುಳಿತವರಿಗೆ ತೊಡಕು ಥಟ್ಟನೆ ಎದುರಾಗುತ್ತದೆ. ‘ರಕ್ತ’ ಬರೆಯಬೇಕೋ ‘ನೆತ್ತರು’ ಬರೆಯಬೇಕೋ? ‘ಸೂರ್ಯ’ವೋ ‘ನೇಸರು’ವೋ? ‘ಚಂದ್ರ’ವೋ ‘ತಿಂಗಳು’ವೋ? ‘ನಕ್ಷತ್ರ’ವೋ ‘ಚುಕ್ಕಿ’ಯೋ? ‘ಬೆಂಕಿ’ಯೋ ‘ಕಿಚ್ಚು’ವೋ? ಮಾಹಿತಿ ಕೊಡುವವರ ಊರು, ವಯಸ್ಸು, ವಿದ್ಯಾಭ್ಯಾಸ, ಕೇಳುವವರ ಎದುರಿನ ಸಂಕೋಚ ಇವೆಲ್ಲ ಉತ್ತರವನ್ನು ನಿರ್ಧರಿಸುತ್ತವೆ. ‘ನೆತ್ತರು’ ಎಂದರೆ ತೆಲುಗಿನ ‘ನೆತ್ತುರು’ ಜ್ಞಾತಿಪದವಾಗಿ ಲೆಕ್ಕಕ್ಕೆ ಬರುತ್ತದೆ. ‘ರಕ್ತ’ ಎಂದರೆ ಅದು ಎರವಲಾಗಿ ಬಿಟ್ಟುಹೋಗುತ್ತದೆ. ಇಂಥ ಐದು ಆಯ್ಕೆಗಳಿಂದ ಸಮಾನ ಪದಗಳ ಪ್ರಮಾಣ ಶೇ. 70ರಿಂದ 65ಕ್ಕೆ ಇಳಿಯಿತೆಂದು ಕಲ್ಪಿಸೋಣ. ಶೇ. 86ರ ವೇಗವನ್ನು ಒಪ್ಪಿಕೊಂಡು ಸ್ವದೇಶ್ ಸೂತ್ರದಂತೆ ಲೆಕ್ಕಹಾಕಿದರೆ, ಭಾಷೆಗಳು ಬೇರ್ಪಟ್ಟ ಕಾಲ ಸುಮಾರು 1,180 ವರ್ಷಗಳಿಂದ 1,430 ವರ್ಷಗಳಿಗೆ ಹಿಂದೆ ಸರಿಯುತ್ತದೆ. ಐದು ಪದಗಳ ಆಯ್ಕೆಯಿಂದ 250 ವರ್ಷಗಳ ವ್ಯತ್ಯಾಸ!

ಇತ್ತೀಚಿನ ವಿಧಾನಗಳು ಈ ಟೀಕೆಗಳಿಂದ ಕಲಿತಿವೆ ಎಂಬುದನ್ನು ಒಪ್ಪಬೇಕು. 2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಹಸಂಶೋಧಕರು 20 ದ್ರಾವಿಡ ಭಾಷೆಗಳ ಪದಪಟ್ಟಿಗಳನ್ನು ಬೇಯ್ಸೀಯ ವಿಧಾನದಿಂದ ವಿಶ್ಲೇಷಿಸಿ, ಕುಟುಂಬದ ವಯಸ್ಸು ಸುಮಾರು 4,500 ವರ್ಷಗಳೆಂದು ಅಂದಾಜಿಸಿದರು. ಅಲ್ಲಿ ಏಕರೂಪದ ವೇಗದ ಕಲ್ಪನೆಯಿಲ್ಲ. ಅಂದಾಜಿನ ವ್ಯಾಪ್ತಿ ಸುಮಾರು 3,000ದಿಂದ 6,500 ವರ್ಷಗಳವರೆಗೆ ಹರಡಿದೆಯೆಂದೂ ಹೇಳಲಾಗಿದೆ. ಆದರೆ ಪತ್ರಿಕೆಗಳಲ್ಲಿಯೂ ತರಗತಿಗಳಲ್ಲಿಯೂ ಉಳಿದದ್ದು 4,500 ಎಂಬ ಒಂದೇ ಸಂಖ್ಯೆ. ಮೂರೂವರೆ ಸಾವಿರ ವರ್ಷಗಳಷ್ಟು ಅಗಲವಾದ ಆ ವ್ಯಾಪ್ತಿಯೇ ಅಧ್ಯಯನದ ಪ್ರಾಮಾಣಿಕ ಫಲಿತಾಂಶ. ನಡುವಣ ಸಂಖ್ಯೆ ಅದರ ಸಂಕ್ಷೇಪ ಮಾತ್ರ.

4. ಭಾಷೆಗಳನ್ನು ಎಣಿಸಿದ ಬಗೆ

ಸಂಖ್ಯಾಶಾಸ್ತ್ರಕ್ಕೆ ಯುರೋಪಿನಲ್ಲಿ ಬಂದ ‘ಸ್ಟ್ಯಾಟಿಸ್ಟಿಕ್ಸ್’ ಎಂಬ ಹೆಸರಿಗೆ ‘ರಾಜ್ಯ’ವೆಂಬ ಅರ್ಥದ ಪದವೇ ಮೂಲ. 18ನೆಯ ಶತಮಾನದ ಜರ್ಮನಿಯಲ್ಲಿ ಅದು ರಾಜ್ಯದ ಸ್ಥಿತಿಗತಿಗಳ ವಿವರಣೆಯಾಗಿತ್ತು. ಭಾರತದಲ್ಲಿ ಭಾಷೆಗಳ ಎಣಿಕೆ ಆರಂಭವಾದುದೂ ಆಡಳಿತದ ಅಗತ್ಯದಿಂದಲೇ. 1881ರ ಜನಗಣತಿಯು ತಾಯ್ನುಡಿಯನ್ನು ಕೇಳಿತು. 1891ರಲ್ಲಿ ಹೆತ್ತವರ ನುಡಿಯನ್ನು ಕೇಳಲಾಯಿತು. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು. 1961ರ ಹೊತ್ತಿಗೆ ತಾಯ್ನುಡಿಯೆಂದರೆ ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆ ಎಂಬ ವ್ಯಾಖ್ಯೆ ಬಂದಿತು. ಪ್ರಶ್ನೆ ಬದಲಾದ ಮೇಲೆ ಉತ್ತರಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ ‘ಬೆಳವಣಿಗೆಯ ದರ’ವನ್ನು ಲೆಕ್ಕಹಾಕುವುದು ಎಷ್ಟರಮಟ್ಟಿಗೆ ಸಾಧು?

ಗ್ರಿಯರ್ಸನ್ ಅವರ ಭಾಷಾ ಸರ್ವೇಕ್ಷಣೆಯು 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ದಾಖಲಿಸಿತೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಮದ್ರಾಸ್ ಪ್ರಾಂತ, ಮೈಸೂರು, ಹೈದರಾಬಾದ್ ಸಂಸ್ಥಾನಗಳು ಆ ಸರ್ವೇಕ್ಷಣೆಯ ವ್ಯಾಪ್ತಿಯಿಂದ ಹೊರಗಿದ್ದವೆಂಬುದನ್ನು ಅಷ್ಟು ಗಟ್ಟಿಯಾಗಿ ಹೇಳುವವರು ಕಡಿಮೆ. ಎಂದರೆ ಕನ್ನಡ ನಾಡಿನ ಬಹುಭಾಗ ಆ ಎಣಿಕೆಯಲ್ಲಿಲ್ಲ.

ಇಲ್ಲಿ ಎಣಿಕೆಗೆ ಸಿಗುವುದು ಭಾಷೆಯ ಬಳಕೆಯಲ್ಲ, ಭಾಷೆಯ ಬಗೆಗಿನ ಹೇಳಿಕೆ. ತಾಯ್ನುಡಿ ಸಂಸ್ಕೃತವೆಂದು ಹೇಳಿದವರ ಸಂಖ್ಯೆ 1971ರಲ್ಲಿ 2,212, 1981ರಲ್ಲಿ 6,106, 1991ರಲ್ಲಿ 49,736, 2001ರಲ್ಲಿ 14,135, 2011ರಲ್ಲಿ 24,821. ಯಾವ ಭಾಷಾಸಮುದಾಯವೂ ಹತ್ತು ವರ್ಷಗಳಲ್ಲಿ ಎಂಟು ಪಟ್ಟು ಬೆಳೆದು, ಮುಂದಿನ ಹತ್ತು ವರ್ಷಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯುವುದಿಲ್ಲ. ಈ ಸಾಲಿನಲ್ಲಿ ನಾವು ಕಾಣುತ್ತಿರುವುದು ನಿಷ್ಠೆಯ ಏರಿಳಿತವನ್ನು. ಅದು ಕೂಡ ಅಧ್ಯಯನಯೋಗ್ಯ ವಿಷಯವೇ. ಆದರೆ ಬೇರೊಂದು ವಿಷಯ. 1951ರಲ್ಲಿ ಪಂಜಾಬಿನ ವಿವಾದದ ನಡುವೆ ಹಿಂದಿ, ಉರ್ದು, ಹಿಂದುಸ್ತಾನಿ, ಪಂಜಾಬಿ ಭಾಷಕರನ್ನು ಬೇರೆಬೇರೆಯಾಗಿ ತೋರಿಸದೆ ಒಟ್ಟಾಗಿ ಕೊಡಬೇಕಾಗಿ ಬಂದುದಕ್ಕೂ ಕಾರಣ ಇದೇ.

ಹೇಳಿಕೆಯ ಮೇಲೆ ವರ್ಗೀಕರಣ ಬರುತ್ತದೆ. 2011ರಲ್ಲಿ ಜನರು ಕೊಟ್ಟ ತಾಯ್ನುಡಿಯ ಹೆಸರುಗಳು 19,569. ಪರಿಷ್ಕರಣೆಯ ಅನಂತರ ಉಳಿದವು 1,369. ಇನ್ನೂ 1,474 ಹೆಸರುಗಳು ‘ಇತರ’ ಎಂಬ ಗುಂಪಿಗೆ ಹೋದವು. ಹತ್ತು ಸಾವಿರ ಅಥವಾ ಹೆಚ್ಚು ಭಾಷಕರಿರುವ 270 ತಾಯ್ನುಡಿಗಳನ್ನು ಕೊನೆಗೆ 121 ಭಾಷೆಗಳಾಗಿ ಗುಂಪುಗೂಡಿಸಲಾಯಿತು: ಎಂಟನೆಯ ಅನುಸೂಚಿಯ 22, ಅದರ ಹೊರಗಿನ 99. ಹಿಂದಿಯೆಂದು ತೋರಿಸಿದ 52.83 ಕೋಟಿಯಲ್ಲಿ ತಮ್ಮ ತಾಯ್ನುಡಿ ಹಿಂದಿಯೆಂದೇ ಹೇಳಿದವರು 32.22 ಕೋಟಿ. ಆ ಗುಂಪಿನೊಳಗೆ ಸೇರಿದ ಭೋಜ್‌ಪುರಿಯೊಂದರ ಭಾಷಕರೇ 5.06 ಕೋಟಿ, ಇದು ಕನ್ನಡದ ಒಟ್ಟು 4.37 ಕೋಟಿಗಿಂತ ಹೆಚ್ಚು. 1991ರಲ್ಲಿ ಹಿಂದಿಯೊಳಗಿದ್ದ ಮೈಥಿಲಿಯು 2001ರ ಕೋಷ್ಟಕದಲ್ಲಿ ಪ್ರತ್ಯೇಕ ಭಾಷೆಯಾಯಿತು. ಇದಕ್ಕೆ ಕಾರಣ 2003ರ ತೊಂಬತ್ತೆರಡನೆಯ ಸಂವಿಧಾನ ತಿದ್ದುಪಡಿ. ಈ ನಡುವೆ ಮೈಥಿಲಿಯ ವ್ಯಾಕರಣವೇನೂ ಬದಲಾಗಿರಲಿಲ್ಲ.

ಇದನ್ನು ಕೇವಲ ಹಿಂದಿಯ ವಿಷಯವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕನ್ನಡದ 4.37 ಕೋಟಿಯೊಳಗೆ ನೀಲಗಿರಿಯ ಬಡಗವನ್ನು ತಮ್ಮ ತಾಯ್ನುಡಿಯೆಂದು ಹೇಳಿದ ಸುಮಾರು 1.33 ಲಕ್ಷ ಮಂದಿಯಿದ್ದಾರೆ. ಬಡಗದ ಸ್ವರವ್ಯವಸ್ಥೆಯ ವೈಶಿಷ್ಟ್ಯವನ್ನು ಎಂ. ಬಿ. ಎಮೆನೋ 1939ರಷ್ಟು ಹಿಂದೆಯೇ ವಿವರಿಸಿದ್ದರು. ಅದನ್ನು ಕನ್ನಡದ ಉಪಭಾಷೆಯೆಂದು ಬಗೆದವರೂ ಸ್ವತಂತ್ರ ಭಾಷೆಯೆಂದು ಬಗೆದವರೂ ಇದ್ದಾರೆ. ಈ ಚರ್ಚೆ ವಿದ್ವಾಂಸರ ನಡುವೆ ನಡೆಯುತ್ತಲೇ ಇದ್ದರೂ ಕೋಷ್ಟಕದಲ್ಲಿ ಅದು ಎಂದೋ ಮುಗಿದುಹೋಗಿದೆ. ಕನ್ನಡದ ಸಂಖ್ಯೆಯನ್ನು ಉಲ್ಲೇಖಿಸುವ ನಮ್ಮ ಲೇಖನಗಳಲ್ಲಿ ಅಡಿಟಿಪ್ಪಣಿಯಾಗಿಯಾದರೂ ಈ ವಿವರವಿರುವುದು ವಿರಳ.

ಹತ್ತು ಸಾವಿರದ ಗಡಿ 1971ರ ಜನಗಣತಿಯಿಂದ ಬಂದದ್ದು. ಅದಕ್ಕಿಂತ ಕಡಿಮೆ ಭಾಷಕರಿರುವ ಭಾಷೆಗಳಿಗೆ ಕೋಷ್ಟಕದಲ್ಲಿ ಹೆಸರಿಲ್ಲ. ಅದೇ ವರ್ಷ ಪುಣೆಯ ಡೆಕ್ಕನ್ ಕಾಲೇಜು ಡಿ. ಎನ್. ಶಂಕರ ಭಟ್ಟರ ಕೊರಗ ಭಾಷೆಯ ವರ್ಣನೆಯನ್ನು ಪ್ರಕಟಿಸಿತು. ಬೆರಳೆಣಿಕೆಯ ಭಾಷಕರೊಡನೆ ಕುಳಿತು ಕಟ್ಟಿದ ಆ ವ್ಯಾಕರಣ ಇಂದಿಗೂ ನಮ್ಮ ಕಪಾಟಿನಲ್ಲಿದೆ. 2011ರ 121 ಭಾಷೆಗಳ ಪಟ್ಟಿಯಲ್ಲಿ ಕೊರಗ ಇಲ್ಲ.

5. ಉಪಸಂಹಾರ

ಮೇಲಿನ ಮೂರು ಪ್ರಸಂಗಗಳಿಂದ ‘ಭಾಷೆಗೆ ಸಂಖ್ಯೆ ಸಲ್ಲದು’ ಎಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಭದ್ರಿರಾಜು ಕೃಷ್ಣಮೂರ್ತಿಯವರು ಲಿಂಕನ್ ಮೋಸೆಸ್ ಮತ್ತು ಡಗ್ಲಸ್ ಡ್ಯಾನ್‌ಫರ್ತ್ ಅವರೊಡನೆ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ಪ್ರತಿನಿದರ್ಶನ. ಗೊಂಡಿ, ಕೊಂಡ, ಕುಇ, ಕುವಿ, ಪೆಂಗೊ, ಮಂಡ ಎಂಬ ಆರು ದಕ್ಷಿಣ-ಮಧ್ಯ ದ್ರಾವಿಡ ಭಾಷೆಗಳನ್ನು ಇಬ್ಬಿಬ್ಬಾಗಿ ಕವಲೊಡೆಯುವ 945 ವೃಕ್ಷಗಳಲ್ಲಿ ಜೋಡಿಸಲು ಸಾಧ್ಯ. ಒಂದು ಧ್ವನಿಬದಲಾವಣೆಗೆ ಒಳಗಾಗಬಹುದಾಗಿದ್ದೂ ಒಳಗಾಗದೆ ಉಳಿದ ಜ್ಞಾತಿಪದಗಳನ್ನು ಆಧಾರವಾಗಿಟ್ಟುಕೊಂಡು, ಅವುಗಳಲ್ಲಿ ಯಾವ ವೃಕ್ಷ ಹೆಚ್ಚು ಒಪ್ಪುತ್ತದೆ ಎಂಬುದನ್ನು ಅವರು ಪರೀಕ್ಷಿಸಿದರು. ದೊರೆತ ಫಲಿತಾಂಶ ತೌಲನಿಕ ವಿಧಾನದ ಫಲಿತಾಂಶದೊಂದಿಗೆ ಹೊಂದಿಕೊಂಡಿತು. ಇಲ್ಲಿ ಸಂಖ್ಯಾಶಾಸ್ತ್ರ ಗೆದ್ದುದಕ್ಕೆ ಕಾರಣ ಸ್ಪಷ್ಟ: ಪ್ರತಿ ಜ್ಞಾತಿಪದದ ಹಿಂದೆಯೂ ದಶಕಗಳ ವ್ಯುತ್ಪತ್ತಿವಿಚಾರವಿತ್ತು, ಎಣಿಸುವ ಅಂಶಕ್ಕೆ ಸೈದ್ಧಾಂತಿಕ ಸಮರ್ಥನೆಯಿತ್ತು. ಮಾರ್ಕೊವ್ ಬಿಟ್ಟ ಎರಡು ಚಿಹ್ನೆಗಳಿಗೂ ಕೃಷ್ಣಮೂರ್ತಿಯವರು ಆಯ್ದ ಪದಗಳಿಗೂ ಇರುವ ಸಾಮ್ಯ ಇದೇ.

ದತ್ತಾಂಶ ಬೆಳೆದಷ್ಟೂ ಈ ಕೊರತೆ ತಾನಾಗಿಯೇ ತುಂಬಿಬರುತ್ತದೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಆಡಂ ಕಿಲ್ಗ್ಯಾರಿಫ್ 2005ರಲ್ಲಿ ತೋರಿಸಿದಂತೆ, ಭಾಷೆ ಎಂದಿಗೂ ಯಾದೃಚ್ಛಿಕವಲ್ಲ. ಆದುದರಿಂದ ಯಾದೃಚ್ಛಿಕತೆಯ ಶೂನ್ಯಕಲ್ಪನೆ ಮೊದಲಿನಿಂದಲೇ ಸುಳ್ಳು. ಪಠ್ಯಸಂಚಯ ಸಾಕಷ್ಟು ದೊಡ್ಡದಾದರೆ ಬಹುತೇಕ ಯಾವುದೇ ಎರಡು ಅಂಶಗಳ ಸಂಬಂಧವೂ ಸಾರ್ಥಕವೆಂದು ತೋರುತ್ತದೆ. ಪಠ್ಯಸಂಚಯ ಹಿರಿದಾದ ಮಾತ್ರಕ್ಕೆ ‘ಎಂದು’ ಎಂಬುದು ಪದವೋ ಅಲ್ಲವೋ ಎಂಬುದು ತೀರ್ಮಾನವಾಗುವುದಿಲ್ಲ. ಪತ್ರಿಕೆ, ಕಾದಂಬರಿಗಳಿಂದ ಕಟ್ಟಿದ ಸಂಚಯದೊಳಗೆ ಕೊರಗ ಭಾಷಕಿಯ ಮಾತು ತಾನಾಗಿ ಬಂದು ಸೇರುವುದಿಲ್ಲ.

ಸಂಶೋಧನ ವಿದ್ಯಾರ್ಥಿಗಳ ಮುಂದೆ ಮೂರು ಸಲಹೆಗಳನ್ನಿಡಲು ಬಯಸುತ್ತೇವೆ. ಮೊದಲನೆಯದಾಗಿ, ಎಣಿಸಿದ ಘಟಕದ ವ್ಯಾಖ್ಯೆಯನ್ನೂ ಸಂದಿಗ್ಧ ಉದಾಹರಣೆಗಳಲ್ಲಿ ಕೈಗೊಂಡ ತೀರ್ಮಾನಗಳನ್ನೂ ಫಲಿತಾಂಶದಷ್ಟೇ ವಿವರವಾಗಿ ಬರೆಯಬೇಕು. ಎರಡನೆಯದಾಗಿ, ಆ ತೀರ್ಮಾನಗಳನ್ನು ಬದಲಿಸಿದರೆ ಫಲಿತಾಂಶ ಎಷ್ಟು ಬದಲಾಗುತ್ತದೆಂದು ತೋರಿಸಬೇಕು. ಮೇಲೆ ಐದು ಪದಗಳಿಗೆ ನಾವು ಮಾಡಿದ ಸಣ್ಣ ಲೆಕ್ಕದಂತಹ ಪರೀಕ್ಷೆಗೆ ಒಂದು ಸಂಜೆ ಸಾಕು. ಮೂರನೆಯದಾಗಿ, ಜನಗಣತಿಯ ಅಂಕಿಯನ್ನು ಬಳಸುವಾಗ ಅದು ಭಾಷಕರ ಹೇಳಿಕೆಯೋ ಇಲಾಖೆಯ ಗುಂಪುಗಾರಿಕೆಯೋ ಎಂಬುದನ್ನು ನಮೂದಿಸಬೇಕು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟಿತು. ಮುಂದಿನ ಎಣಿಕೆಗೆ 2027ನ್ನು ಗೊತ್ತುಪಡಿಸಲಾಗಿದೆ. ಎಣಿಕೆದಾರರು ಮನೆಬಾಗಿಲಿಗೆ ಬಂದು ತಾಯ್ನುಡಿಯನ್ನು ಕೇಳಿದಾಗ ಜನರು ಕೊಡುವ ಹೆಸರು ಏನು, ಆ ಹೆಸರು ಯಾವ ಹಂತದಲ್ಲಿ ಯಾವ ಗುಂಪಿಗೆ ಸೇರುತ್ತದೆ, ಯಾವ ಆಧಾರದ ಮೇಲೆ ಸೇರುತ್ತದೆ ಎಂಬುದನ್ನು ಹಳ್ಳಿ ಹಳ್ಳಿಗಳಲ್ಲಿ ದಾಖಲಿಸಬಲ್ಲವರು ಭಾಷಾವಿಜ್ಞಾನದ ವಿದ್ಯಾರ್ಥಿಗಳು. ಕೋಷ್ಟಕ ಹೊರಬಂದ ಮೇಲೆ ಟೀಕಿಸುವುದಕ್ಕಿಂತ ಅದು ಸಿದ್ಧವಾಗುವ ಮುನ್ನವೇ ಈ ಕೆಲಸವನ್ನು ಕೈಗೆತ್ತಿಕೊಳ್ಳುವುದು ಲೇಸೆಂದು ನಮ್ಮ ಭಾವನೆ.